ಅಪ್‌ಡೇಟ್: ಆಫೀಸ್ ಶುರುವಾದ ಮೇಲೆ ಬಾಗಿಲು ಕೆರೆಯುತ್ತಿದ್ದ ನಮ್ಮ ನಾಯಿ ಕೆಂಚ

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಮನೆಯಿಂದಲೇ ಕೆಲಸ ಮಾಡುತ್ತಿದ್ದವಳು ವಾರಕ್ಕೆ 3 ದಿನ ಆಫೀಸಿಗೆ ಹೋಗಲು ಶುರು ಮಾಡಿದೆ. ನಮ್ಮ ಕೆಂಚ (ಬೀದಿಯಿಂದ ತಂದವನು, 4 ವರ್ಷ) ಊಳಿಡುತ್ತಾನೆ, ಬಾಗಿಲು ಕೆರೆಯುತ್ತಾನೆ, ಏನು ಮಾಡಲಿ ಅಂತ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಮೊದಲು ಡಾಕ್ಟರಿಗೆ ತೋರಿಸಿದೆ. ನೋವು, ಕಾಯಿಲೆ ಏನೂ ಇಲ್ಲ ಎಂದರು. ಆಮೇಲೆ ಹಳೇ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ನೋಡಿದರೆ, ಅವನ ಗಾಬರಿ ನಾನು ಹೋದ ಮೇಲಲ್ಲ, ಸ್ಕೂಟರ್ ಕೀ ಸದ್ದು ಕೇಳಿದಾಗಲೇ ಶುರು! ಹಾಗಾಗಿ ಆ ಸದ್ದು ಅವನಿಗೆ ಅಭ್ಯಾಸವಾಗಲಿ ಅಂತ ದಿನಕ್ಕೆ ಹತ್ತು ಸಲ ಸುಮ್ನೆ ಕೀ ಎತ್ತಿಕೊಂಡು ಸೋಫಾದಲ್ಲಿ ಕೂತೆ. ಶೂ ಹಾಕಿಕೊಂಡು ಸೊಪ್ಪು ಬಿಡಿಸಿದೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ ನನಗೇ ಏನೋ ಆಗಿದೆ ಅಂದುಕೊಂಡರು.

ನಂತರ ಹೊರಗೆ ಹೋಗಿ ಬರುವುದು. 30 ಸೆಕೆಂಡ್, 2 ನಿಮಿಷ, 10 ನಿಮಿಷ. ಅವನು ಹೆದರುವ ಮುಂಚೆಯೇ ವಾಪಸ್. ಆಫೀಸ್ ದಿನಗಳಲ್ಲಿ ಪಕ್ಕದ ಮನೆ ಆಂಟಿ ಹತ್ತಿರ ಬಿಡುತ್ತಿದ್ದೆ. ಇಲ್ಲದಿದ್ದರೆ ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಬೋನಿನಲ್ಲಿ ಬಿಡುವ ಸಲಹೆ ಮಾತ್ರ ನಮಗೆ ಒಗ್ಗಲಿಲ್ಲ. ಸರಳಿಗೆ ಮೂತಿ ಉಜ್ಜಿ ಗಾಯ ಮಾಡಿಕೊಂಡ. ಒಂದೇ ದಿನಕ್ಕೆ ಬಿಟ್ಟೆ. ರಬ್ಬರ್ ಆಟಿಕೆಯೊಳಗೆ ಮೊಸರು, ರಾಗಿ ಮುದ್ದೆ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾನೆ. ಬೆಳಿಗ್ಗೆ ವಾಕಿಂಗ್‌ನಲ್ಲೂ ಅವಸರ ಮಾಡದೆ ಮೂಸಲು ಬಿಡುತ್ತೇನೆ.

ಈಗ 4 ಗಂಟೆ ಒಬ್ಬನೇ ಇರುತ್ತಾನೆ. ಮಧ್ಯಾಹ್ನ ಆಂಟಿ ಬಂದು ಸುತ್ತಾಡಿಸುತ್ತಾರೆ. ಬಾಗಿಲಿಗೆ ಬಣ್ಣ ಹೊಡೆಸಬೇಕು. ಓನರ್ ಇನ್ನೂ ನೋಡಿಲ್ಲ.