ಅಕ್ಕನ ಮನೆ ಬಾವಿ ನೀರು ಉಪ್ಪಾಗಿದೆ, ಬೋರ್ ಇನ್ನೂ ಆಳಕ್ಕೆ ಇಳಿಸೋದಾ?

ಸಂಪಾಜೆ ತೋಟ

ಎಲ್ರಿಗೂ ನಮಸ್ಕಾರ. ನಾನು ಕೊಡಗು ಸಂಪಾಜೆಯವನು, ಅಡಿಕೆ ತೋಟ, ಮೇಲೆ ಗುಡ್ಡದಲ್ಲಿ ಸ್ವಲ್ಪ ರೋಬಸ್ಟಾ ಕಾಫಿ ಇದೆ. ನಮ್ಮಲ್ಲಿ ನೀರಿನ ಕಷ್ಟ ಅಂದ್ರೆ ಏಪ್ರಿಲ್‌ನಲ್ಲಿ ಹೊಳೆ ಬತ್ತೋದು ಅಷ್ಟೇ, ಬಾವಿ ನೀರು ಉಪ್ಪಾಗುತ್ತೆ ಅಂತ ಕೇಳಿದ್ದೂ ಇಲ್ಲ. ಅಕ್ಕನ್ನ ಕೊಟ್ಟಿರೋದು ಕಾಸರಗೋಡಿಗೆ, ಚಂದ್ರಗಿರಿ ಹೊಳೆ ಸಮುದ್ರ ಸೇರೋ ಕಡೆಯಿಂದ ಒಂದೂವರೆ ಕಿಲೋಮೀಟರ್ ಇರಬಹುದು ಅವರ ಮನೆ. ಮೊನ್ನೆ ಹೋದಾಗ ಅಕ್ಕ ಟೀ ಕೊಟ್ಲು, ಬಾಯಿಗಿಟ್ರೆ ಸಕ್ಕರೆ ಹಿಂದೇನೇ ಉಪ್ಪು. ಅವಳು ಏನೂ ಹೇಳ್ಲಿಲ್ಲ, ಸುಮ್ನೆ ನನ್ನ ಮುಖ ನೋಡ್ತಾ ನಿಂತಿದ್ಲು. ಆಮೇಲೆ ಹಿತ್ತಲಿಗೆ ಕರ್ಕೊಂಡು ಹೋಗಿ ಬಸಳೆ ಚಪ್ಪರ ತೋರಿಸಿದ್ಲು, ಎಲೆ ಅಂಚೆಲ್ಲ ಬೆಂಕಿ ತಾಗಿದ ಹಾಗೆ ಕಂದು ಬಣ್ಣ.

ಮನೇಲಿ 28 ಅಡಿ ಮುರಕಲ್ಲಿನ ಬಾವಿ ಇದೆ, ಭಾವನ ಅಜ್ಜನ ಕಾಲದ್ದು, ಯಾವತ್ತೂ ಕೆಟ್ಟಿರ್ಲಿಲ್ಲ. ನಾಲ್ಕು ವರ್ಷದ ಹಿಂದೆ 180 ಅಡಿ ಬೋರ್ ಹೊಡೆಸಿದ್ರು, ಮೊದಲು ಅದು ಉಪ್ಪಾಯ್ತು, ಈ ವರ್ಷ ಬಾವಿನೂ ಆಯ್ತು. ಬೋರ್ ಗಾಡಿಯವನು 400 ಅಡಿಗೆ ಹೋದ್ರೆ ಒಳ್ಳೆ ನೀರು ಗ್ಯಾರಂಟಿ ಅಂತಿದಾನೆ, ಭಾವ ದುಡ್ಡು ಹೊಂದಿಸ್ತಿದಾರೆ. ಕೊಡಿಸ್ಲಾ ಬೇಡ್ವಾ?

ಇನ್ನೊಂದು ವಿಷಯ ತಲೆ ಕೊರೀತಿದೆ. ಚಂದ್ರಗಿರಿ ಅಂದ್ರೆ ನಮ್ಮ ಪಯಸ್ವಿನಿನೇ, ನಮ್ಮ ತೋಟದ ಪಕ್ಕ ಹರಿಯೋದೇ ಕೆಳಗೆ ಅಲ್ಲಿ ಹೋಗಿ ಸೇರೋದು. ಬೇಸಿಗೇಲಿ ನಾವು ಇಲ್ಲಿ ಪಂಪ್ ಇಟ್ಟು ಎತ್ತೋದಕ್ಕೂ ಅಕ್ಕನ ಬಾವಿಗೂ ಏನಾದ್ರೂ ಸಂಬಂಧ ಇದೆಯಾ?

ಕಾಸ್ರೋಡಿನವಳು

ಅಣ್ಣ, ದಯವಿಟ್ಟು ಬೋರ್ ಆಳ ಮಾಡಿಸ್ಬೇಡಿ. ನಮ್ಮದೂ ಇದೇ ಕಥೆ. ಉಪ್ಪು ಬಂತು ಅಂತ ಇನ್ನೂ ನೂರು ಅಡಿ ಕೆಳಗೆ ಹೋದೆವು, ಮೊದಲು ಬಟ್ಟೆ ಒಗೆಯಲಿಕ್ಕಾದರೂ ಆಗ್ತಿತ್ತು, ಆಮೇಲೆ ಅದಕ್ಕೂ ಆಗ್ಲಿಲ್ಲ. ಕಡಲ ಹತ್ತಿರ ಸಿಹಿನೀರು ಇರುವುದು ಮೇಲೆ, ಉಪ್ಪುನೀರು ಇರುವುದು ಅಡಿಯಲ್ಲಿ, ಕೆಳಗೆ ಹೋದಷ್ಟು ಅದರ ಬಾಯಿಗೇ ಹೋದ ಹಾಗೆ ಆಯ್ತದೆ. ಗಾಡಿಯವರಿಗೆ ಅಡಿ ಲೆಕ್ಕದಲ್ಲಿ ದುಡ್ಡು, ಗ್ಯಾರಂಟಿ ಅಂತ ಬರೆದು ಕೊಡಿ ಅಂತ ಕೇಳಿ ನೋಡಿ, ಕೊಡ್ಲಿಕ್ಕಿಲ್ಲ.

ನಾವು ಕಡೆಗೆ ಮಾಡಿದ್ದು ಹೇಳ್ತೇನೆ. ಬೋರನ್ನು ಅಡಿಯಿಂದ ಮೇಲಿನವರೆಗೆ ಸಿಮೆಂಟ್ ಹಾಕಿ ಮುಚ್ಚಿಸಿದೆವು, ಸುಮ್ಮನೆ ಕ್ಯಾಪ್ ಹಾಕಿ ಬಿಟ್ರೆ ಅದೇ ಕೊಳವೆಯಲ್ಲಿ ಕೆಳಗಿನ ಉಪ್ಪು ಮೇಲಿನ ನೀರಿಗೆ ಬರುವ ಸಾಧ್ಯತೆ ಉಂಟು. ಬಾವಿಯ 2 ಎಚ್‌ಪಿ ಮೋಟರ್ ತೆಗೆದು ಅರ್ಧ ಎಚ್‌ಪಿ ಇಟ್ಟೆವು, ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ತಳದಿಂದ ಮೇಲಕ್ಕೆ ಎತ್ತಿ ಕಟ್ಟಿದೆವು, ದಿನಕ್ಕೆ ನಾಲ್ಕು ಸಲ ಇಪ್ಪತ್ತು ನಿಮಿಷ ಅಷ್ಟೇ ಬಿಡುವುದು. ಮೊದಲ ಬೇಸಿಗೆ ಏನೂ ವ್ಯತ್ಯಾಸ ಕಾಣ್ಲಿಲ್ಲ, ಅತ್ತೆ ಬೇಸರ ಮಾಡಿಕೊಂಡ್ರು. ಎರಡು ಮಳೆಗಾಲ ಕಳೆದ ಮೇಲೆ ಕುಡಿಯುವ ಹಾಗೆ ಆಯ್ತು, ಏಪ್ರಿಲ್ ಕೊನೆಗೆ ಈಗಲೂ ಸ್ವಲ್ಪ ಒಗರು ಬರ್ತದೆ.

ಹೊಳೆಯ ಸಂಬಂಧ ಉಂಟಾ ಅಂತ ಕೇಳಿದ್ರಲ್ಲ, ಉಂಟು. ಬೇಸಿಗೆಯಲ್ಲಿ ಮೇಲಿಂದ ನೀರು ಕಮ್ಮಿ ಆದ ಹಾಗೆ ಭರತಕ್ಕೆ ಕಡಲ ನೀರು ಹೊಳೆಯಲ್ಲಿ ಮೇಲೆ ಮೇಲೆ ಏರ್ತದೆ. ಕಾಸರಗೋಡು ಪೇಟೆಗೆ ನೀರು ಎತ್ತುವುದು ಬಾವಿಕ್ಕರೆಯಲ್ಲಿ, ಈಗ ಅಲ್ಲಿ ಉಪ್ಪುನೀರು ಮೇಲೆ ಬಾರದ ಹಾಗೆ ತಡೆಯುವ ಶಾಶ್ವತ ಅಣೆಕಟ್ಟು (ರೆಗ್ಯುಲೇಟರ್) ಆಗಿದೆ, ಮೊದಲೆಲ್ಲ ವರ್ಷ ವರ್ಷ ಮರಳು ಚೀಲ ಪೇರಿಸಿ ತಡೆ ಕಟ್ಟುತ್ತಿದ್ರು, ಅದು ಒಡೆದ್ರೆ ಇಡೀ ಪೇಟೆಯ ನಲ್ಲಿಯಲ್ಲಿ ಉಪ್ಪುನೀರು. ಆ ದಿನಗಳು ನನಗೆ ಚೆನ್ನಾಗಿ ನೆನಪುಂಟು.

ಮಡಿಕೇರಿ ಮೇಷ್ಟ್ರು

ಮೇಲೆ ಅವರು ಹೇಳಿದ್ದು ಸರಿ, ಯಾಕೆ ಸರಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಭಾವನಿಗೆ ಓದಿ ಹೇಳಿ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹೆಚ್ಚು ಭಾರ. ಅದಕ್ಕೇ ಮಣ್ಣಿನೊಳಗೆ ಸಿಹಿನೀರು ಅದರ ಮೇಲೆ ತೇಲ್ತಾ ಇರುತ್ತೆ. ಗೈಬನ್ ಅಂತ ಡಚ್ಚರವನು, ಹರ್ಜ್‌ಬರ್ಗ್ ಅಂತ ಜರ್ಮನಿಯವನು, ಇಬ್ಬರೂ ನೂರು ವರ್ಷಕ್ಕೂ ಹಿಂದೆನೇ ಬೇರೆ ಬೇರೆಯಾಗಿ ಇದರ ಲೆಕ್ಕ ಹಾಕಿದ್ರು: ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತೆ. ಇದನ್ನೇ ತಿರುಗಿಸಿ ನೋಡಿ, ಪಂಪ್ ಮಾಡಿ ಮಾಡಿ ಮೇಲಿನ ಮಟ್ಟ ಒಂದಡಿ ಇಳಿದು ಹಾಗೇ ನಿಂತ್ರೆ ಉಪ್ಪುನೀರು ಕಾಲಕ್ರಮೇಣ 40 ಅಡಿ ಮೇಲೆ ಬರುತ್ತೆ. ಕಲ್ಲಿನ ಬಿರುಕಲ್ಲಿ ನೀರು ಬರೋ ಕಡೆ ಈ ಲೆಕ್ಕ ಅಷ್ಟು ನೇರ ಇರಲ್ಲ, ಪಕ್ಕದ ಮನೆ ಬೋರ್ ಸಿಹಿ ಇದ್ದು ನಿಮ್ಮದು ಉಪ್ಪಾಗಬಹುದು. ಆದ್ರೆ ತತ್ವ ಅದೇ, ಸಮುದ್ರವನ್ನ ಆಚೆ ತಳ್ಳಿ ಹಿಡಿದಿರೋದು ಗೋಡೆ ಅಲ್ಲ, ನೆಲದೊಳಗೆ ನಾವು ಎತ್ತದೆ ಬಿಟ್ಟಿರೋ ನೀರು.

ಬಾವಿ ಕೆಡೋಕೆ ಜಾಸ್ತಿ ಉಪ್ಪುನೀರು ಬೇಕಾಗಿಲ್ಲ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ ಕ್ಲೋರೈಡೇ 19 ಗ್ರಾಂ. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡದಲ್ಲಿ ಕ್ಲೋರೈಡ್ 250 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1,000 ತನಕ. ಅಂದ್ರೆ ನೂರು ಕೊಡ ಸಿಹಿನೀರಿಗೆ ಎರಡು ಕೊಡ ಸಮುದ್ರದ ನೀರು ಬಿದ್ರೂ 250 ದಾಟಿ ಹೋಯ್ತು.

ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1976ರಿಂದ ಚರಂಡಿ ನೀರನ್ನ ಚೆನ್ನಾಗಿ ಶುದ್ಧ ಮಾಡಿ ಕರಾವಳಿ ಉದ್ದಕ್ಕೆ ಬಾವಿಗಳಲ್ಲಿ ಒಳಗೆ ತುಂಬಿ ಸಮುದ್ರವನ್ನ ತಡೀತಿದಾರೆ. ಅಷ್ಟು ಖರ್ಚು ನಮ್ಮಿಂದಾಗಲ್ಲ, ಆದ್ರೆ ಅವರಿಗಿಲ್ಲದ ಮಳೆ ನಮಗಿದೆ. 100 ಚದರ ಮೀಟರ್ ಮಾಡಿಗೆ 3,000 ಮಿಲಿಮೀಟರ್ ಮಳೆ ಬಿದ್ರೆ 3 ಲಕ್ಷ ಲೀಟರ್ ಆಯ್ತು. ಮಾಡಿನ ಅಂಚಿಗೆ ನೀರು ಹಿಡಿಯೋ ದಂಬೆ ಕಟ್ಟಿ, ಜಲ್ಲಿ ಮರಳು ಇದ್ದಿಲಿನ ಮೂಲಕ ಸೋಸಿ ಬಾವಿಗೇ ಬಿಡಿ. ಒಂದೇ ಮನೆಯವರು ಬಿಟ್ರೆ ಬೇಸಿಗೆ ತನಕ ನಿಲ್ಲೋದು ಕಷ್ಟ, ಓಣಿಯವರೆಲ್ಲ ಬಿಡಬೇಕು.

ಮೊದಲು ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಮೋಟರ್ ಹಾಕೋ ಮುಂಚೆ ಒಂದು ಬಾಟ್ಲಿ ನೀರು ತೆಗೀರಿ, ಒಂದು ಗಂಟೆ ಓಡಿಸಿದ ಮೇಲೆ ಇನ್ನೊಂದು, ಎರಡಕ್ಕೂ ಟಿಡಿಎಸ್ ನೋಡಿ, ಅಂದ್ರೆ ಲೀಟರ್ ನೀರಲ್ಲಿ ಕರಗಿರೋ ಉಪ್ಪು ಖನಿಜ ಎಲ್ಲ ಸೇರಿ ಎಷ್ಟು ಮಿಲಿಗ್ರಾಂ ಅಂತ.

ಸಂಪಾಜೆ ತೋಟ

ಸರ್, ನೀವು ಹೇಳಿದ ಹಾಗೆ ಅಕ್ಕ ಇವತ್ತು ನೋಡಿದ್ಲು, ಪಕ್ಕದ ಮನೆಯಿಂದ ಮೀಟರ್ ತಂದು. ಬೆಳಿಗ್ಗೆ 710 ಇತ್ತಂತೆ, ಗಂಟೆ ಓಡಿಸಿದ ಮೇಲೆ 1,840. ಇದರ ಅರ್ಥ ಒಳ್ಳೇದಾ ಕೆಟ್ಟದಾ?

ಮಡಿಕೇರಿ ಮೇಷ್ಟ್ರು

ನಿಮ್ಮ ಅಕ್ಕನಿಗೆ ಹೇಳಿ, ಬಾವಿ ಕೈ ಬಿಟ್ಟಿಲ್ಲ ಅಂತ. ರಾತ್ರಿ ಸುಮ್ನೆ ಬಿಟ್ರೆ ಸಿಹಿನೀರು ಬಂದು ಸೇರ್ತಿದೆ, ಜೋರಾಗಿ ಎಳೆದಾಗ ಕೆಳಗಿನ ಉಪ್ಪು ಗೋಪುರದ ಹಾಗೆ ಮೇಲೆದ್ದು ಬರ್ತಿದೆ. ಬೆಳಿಗ್ಗೇನೂ 1,800 ಇದ್ದಿದ್ರೆ ನಾನು ಇಷ್ಟು ಧೈರ್ಯವಾಗಿ ಹೇಳ್ತಿರ್ಲಿಲ್ಲ. ಕುಡಿಯೋಕೆ ಅಡುಗೆಗೆ ಬೆಳಗಿನ ನೀರನ್ನೇ ಹಿಡಿದಿಡಲಿ, ಸಣ್ಣ ಮೋಟರ್ ಹಾಕ್ಲಿ. ಕ್ಲೋರೈಡ್ ಒಂದ್ಸಲ ಲ್ಯಾಬಲ್ಲೂ ನೋಡಿಸಿ. ಆರ್‌ಒ ಮೆಷಿನ್ ತಂದ್ರೆ ಅದರಿಂದ ಹೊರಗೆ ಬರೋ ಉಪ್ಪುನೀರನ್ನ ಬಾವಿ ಹತ್ರ ಮಾತ್ರ ಚೆಲ್ಲಬಾರದು.

ಪೊನ್ನಂಪೇಟೆ ಕಾಫಿ

ನಾನು ದಕ್ಷಿಣ ಕೊಡಗಿನವನು, ತಲೆತಲಾಂತರದಿಂದ ತೋಟ. ಪಂಪ್ ಬಗ್ಗೆ ನೀವು ಕೇಳಿದ್ದು ನನ್ನ ಮನಸ್ಸಿಗೆ ನಾಟಿತು, ನಮ್ಮ ಕಡೆ ಯಾರೂ ಹೀಗೆ ಕೇಳಲ್ಲ. ಕೊಡಗಿನ ನೀರು ಅಂದ್ರೆ ಎಲ್ಲರಿಗೂ ಕಾವೇರಿ ಮಾತ್ರ ನೆನಪು, ಆದ್ರೆ ಬರಪೊಳೆ ಕಣ್ಣೂರಿನ ಕಡೆಗೆ ಹೋಗುತ್ತೆ, ನಿಮ್ಮ ಪಯಸ್ವಿನಿ ಕಾಸರಗೋಡಿಗೆ. ಅಲ್ಲೂ ಜನ ಇದನ್ನೇ ಕುಡಿಯೋದು.

ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಬರ್ಲಿಲ್ಲ ಅಂದ್ರೆ ನಾವೆಲ್ಲ ಒಂದೇ ವಾರದಲ್ಲಿ ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸ್ತೀವಿ, ಆಮೇಲೆ ಬ್ಯಾಕಿಂಗ್‌ಗೆ, ಅಂದ್ರೆ ಹೂ ಆದ್ಮೇಲೆ ಕಾಯಿ ನಿಲ್ಲೋಕೆ, ಮತ್ತೊಂದು ಸಲ. ಬಿಟ್ರೆ ಆ ವರ್ಷದ ಫಸಲು ಹೋಯ್ತು, ಹಾಗಾಗಿ ಎತ್ತಬೇಡಿ ಅಂತ ನಾನು ಹೇಳಲ್ಲ. ಆದ್ರೆ ಮಳೆಗಾಲದಲ್ಲೇ ತುಂಬಿಕೊಳ್ಳೋ ಕೆರೆ ತೋಟದಲ್ಲಿದ್ರೆ ಬೇಸಿಗೇಲಿ ಹೊಳೆ ಮುಟ್ಟೋದು ಕಮ್ಮಿ ಆಗುತ್ತೆ. ನಾವು ಹಳೇ ಕೆರೆಯ ಹೂಳೆತ್ತಿಸಿ ಮೂರು ವರ್ಷ ಆಯ್ತು, ಈ ಸಲ ಹೊಳೆಗೆ ಪಂಪ್ ಇಳಿಸ್ಲೇ ಇಲ್ಲ. ಗದ್ದೆ ಇದ್ರೆ ದಯವಿಟ್ಟು ಮಣ್ಣು ಹಾಕಿ ಮುಚ್ಚಬೇಡಿ, ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ನೆಲಕ್ಕೆ ಇಂಗಿಸ್ತಿದ್ದದ್ದು ಆ ಗದ್ದೆಗಳೇ. ನಮ್ಮನೆಯವರೂ ಒಂದು ಗದ್ದೆಗೆ ಶುಂಠಿ ಹಾಕಿ ಆಮೇಲೆ ಕಾಫಿ ಇಟ್ರು, ಅದರ ಕೆಳಗಿನ ಒರತೆ ಈಗ ಜನವರಿಗೇ ನಿಂತು ಹೋಗುತ್ತೆ. ನನಗೆ ಇವತ್ತಿಗೂ ಅದರ ಸಂಕಟ ಇದೆ.

ಕಾಸ್ರೋಡಿನವಳು

ಪೊನ್ನಂಪೇಟೆಯವರೇ, ಓದಿ ಕಣ್ಣು ತುಂಬಿ ಬಂತು. ಸಂಪಾಜೆ ಅಣ್ಣ, ನಿಮ್ಮ ತೋಟಕ್ಕೆ ಸಣ್ಣ ತೋಡು ಇದ್ರೆ ಕಟ್ಟ ಹಾಕಿ. ನಮ್ಮ ಕಾಸರಗೋಡಿನ ಏತಡ್ಕದ ಕಡೆ ಮಳೆ ನಿಂತ ಮೇಲೆ ಊರಿನವರೇ ಸೇರಿ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಕಟ್ಟುತ್ತಾರೆ, ಒಂದರ ಕೆಳಗೆ ಒಂದು ಹಾಗೆ ಸಾಲಾಗಿ. ಮೇಲಿನ ಕಟ್ಟ ತುಂಬಿದ್ರೆ ಸುತ್ತಿನ ಬಾವಿಯ ನೀರು ಏರ್ತದೆ, ಹೆಚ್ಚಾದದ್ದು ಕೆಳಗಿನವರಿಗೆ ಹರಿದು ಹೋಗ್ತದೆ.

ಸಂಪಾಜೆ ತೋಟ

ಎಲ್ರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಭಾವನ ಹತ್ರ ಫೋನಲ್ಲಿ ಮಾತಾಡಿದೆ, ಮೊದಲು ಒಪ್ಪಲಿಲ್ಲ, ಎರಡು ಬಾಟ್ಲಿಯ ಲೆಕ್ಕ ಹೇಳಿದ ಮೇಲೆ ಸುಮ್ಮನಾದ್ರು. ಬೋರ್ ಗಾಡಿಗೆ ಬರಬೇಡ ಅಂತ ಹೇಳಿದಾರೆ. ಶನಿವಾರ ಅರ್ಧ ಎಚ್‌ಪಿ ಮೋಟರ್ ತಗೊಂಡು ನಾನೇ ಹೋಗ್ತಿದೀನಿ, ಬೋರ್ ಮುಚ್ಚೋಕೆ ಮೇಸ್ತ್ರಿನೂ ಹುಡುಕಬೇಕು, ಆ ಕಡೆ ಮಾಡಿ ಅನುಭವ ಇರೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ನಮ್ಮ ತೋಟದ ಕೆಳಗಿನ ತೋಡಿಗೆ ಅಪ್ಪ ಇದ್ದಾಗ ಕಟ್ಟ ಹಾಕ್ತಿದ್ರು, ಪಂಪ್ ಬಂದ ಮೇಲೆ ನಿಂತು ಹೋಯ್ತು. ಕಲ್ಲುಗಳು ಇನ್ನೂ ಅಲ್ಲೇ ಬಿದ್ದಿವೆ. ಡಿಸೆಂಬರ್‌ಗೆ ಪಕ್ಕದ ಮೂರು ತೋಟದವರನ್ನ ಕೇಳ್ತೀನಿ.