ಷೇರು ಇದೆ, ಮತ ಹಾಕುವುದಿಲ್ಲ: ಅಲಾಸ್ಕಾದ ಗೆಳತಿಗೆ ಹೇಗೆ ಹೇಳಲಿ?

ಬಿಳಿಹಿಮ (ಆಂಕರೇಜ್):
ವೃದ್ಧರ ಆರೈಕೆ ಮನೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಜೊತೆ ರಾತ್ರಿ ಪಾಳಿಯಲ್ಲಿರುವ ಅಕ್ಕ ಯೂಪಿಕ್ ಮೂಲನಿವಾಸಿ. ಕುಸ್ಕೊಕ್ವಿಮ್ ನದಿಯ ದಂಡೆಯ ಹಳ್ಳಿಯವರು, ವಯಸ್ಸು ಐವತ್ತೆಂಟು. ಕಳೆದ ವಾರ ಅವರ ಮನೆಗೆ ಹೋದಾಗ, ಅವರು ಉಲು ಎಂದು ಇಲ್ಲಿನವರು ಕರೆಯುವ ಅರ್ಧಚಂದ್ರದಂಥ ಕತ್ತಿಯಿಂದ ಸಾಲ್ಮನ್ ಮೀನು ಸೀಳುತ್ತಿದ್ದರು. ಕೈಯೆಲ್ಲ ಮೀನಿನದು. ಒಂದು ಕಾಗದ ಹುಡುಕಿ ಕೊಡು ಎಂದು ಚಪ್ಪಲಿ ಡಬ್ಬವೊಂದನ್ನು ತೋರಿಸಿದರು.

ಡಬ್ಬದ ತುಂಬ ಅವರ ಮೂಲನಿವಾಸಿ ನಿಗಮದ, ಅಂದರೆ ಮೂಲನಿವಾಸಿಗಳೇ ಷೇರುದಾರರಾಗಿರುವ ಕಂಪನಿಯ ಲಕೋಟೆಗಳು. ಲಾಭಾಂಶದ ಚೆಕ್ ಬಂದವೆಲ್ಲ ನೀಟಾಗಿ ಕತ್ತರಿಸಿವೆ. ನಿರ್ದೇಶಕರ ಚುನಾವಣೆಯ ಪ್ರಾಕ್ಸಿ (ಸಭೆಗೆ ಹೋಗದೆ ಮತ ಕಳಿಸುವ ಕಾಗದ) ಬಂದವು ಅಂಟು ಕೂಡ ಬಿಚ್ಚಿಲ್ಲ. ಕೇಳಿದರೆ, "ನನ್ನ ನೂರು ಷೇರಿನಿಂದ ಏನಾಗುತ್ತದೆ?" ಎಂದರು. ರಾಜ್ಯದ ಚುನಾವಣೆಯಲ್ಲೂ ಒಮ್ಮೆ ಅಂಚೆಯಲ್ಲಿ ಕಳಿಸಿದ ಮತ ತಿರಸ್ಕೃತವಾಯಿತಂತೆ. ಅಂದಿನಿಂದ ಅದನ್ನೂ ಬಿಟ್ಟಿದ್ದಾರೆ.

ನನ್ನದು ಗ್ರೀನ್ ಕಾರ್ಡ್, ಇಲ್ಲಿ ನನಗೆ ಮತವಿಲ್ಲ. ಮತವಿರುವವರು ಅದನ್ನು ಡಬ್ಬದಲ್ಲಿ ಇಟ್ಟಿರುವುದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಹೊರಗಿನಿಂದ ಬಂದವಳು ಉಪದೇಶ ಮಾಡಿದಂತಾಗದೆ ಈ ಮಾತು ಎತ್ತುವುದು ಹೇಗೆ?

ಜೂನೋ ಸೊಸೆ:
ನಾನು ಮೈಸೂರಿನವಳು, ಇಲ್ಲಿನ ಇನ್ನೊಂದು ಮೂಲನಿವಾಸಿ ಕುಲವಾದ ತ್ಲಿಂಗಿಟ್ ಮನೆಗೆ ಸೊಸೆಯಾಗಿ ಬಂದು ಹದಿನಾರು ವರ್ಷವಾಯಿತು. "ನೂರರಿಂದ ಏನಾಗುತ್ತದೆ" ಎಂಬ ಮಾತು ನಮ್ಮ ಮನೆಯಲ್ಲೂ ಇತ್ತು. ಅದಕ್ಕೆ ನಮ್ಮ ಅತ್ತೆ ಕೊಡುತ್ತಿದ್ದ ಉತ್ತರ: ಎಲ್ಲರ ಬಳಿಯೂ ಇರುವುದು ನೂರೇ.

1971ರ ಡಿಸೆಂಬರ್ 18ರಂದು ಬಂದ ಕಾನೂನಿನಂತೆ 4.4 ಕೋಟಿ ಎಕರೆ ಭೂಮಿ, 96.25 ಕೋಟಿ ಡಾಲರ್ ಮೂಲನಿವಾಸಿಗಳಿಗೆ ಎಂದಾಯಿತು. ಆದರೆ ಭೂಮಿಯ ಹಕ್ಕುಪತ್ರ ಹೋದದ್ದು ಬುಡಕಟ್ಟುಗಳ ಹೆಸರಿಗಲ್ಲ, ಹೊಸದಾಗಿ ಕಟ್ಟಿದ ಪ್ರಾದೇಶಿಕ ಮತ್ತು ಹಳ್ಳಿ ನಿಗಮಗಳ ಹೆಸರಿಗೆ. ಅಂದು ಬದುಕಿದ್ದು ನೋಂದಾಯಿಸಿಕೊಂಡವರಿಗೆ ಸಾಮಾನ್ಯವಾಗಿ ತಲಾ ನೂರು ಷೇರು. ಬೇರೆ ಕಂಪನಿಗಳಂತೆ ಅರ್ಧ ಪಾಲು ಹಿಡಿದು ಕೂತ ಮಾಲೀಕ ಇಲ್ಲಿಲ್ಲ. ಇನ್ನೂ ಒಂದು ವಿಷಯ: ಈ ಷೇರನ್ನು ಮಾರುವಂತಿಲ್ಲ. ಆಡಳಿತ ಹಿಡಿಸದಿದ್ದರೆ ಮಾರಿ ಕೈತೊಳೆದುಕೊಳ್ಳುವ ದಾರಿ ಇಲ್ಲ. ಅಜ್ಜಂದಿರು ಬೇಟೆಯಾಡಿದ ಕಾಡನ್ನು ಕಡಿಯಬೇಕೇ, ಗಣಿಗೆ ಕೊಡಬೇಕೇ ಎಂದು ನಿರ್ಧರಿಸುವವರನ್ನು ಆರಿಸಲು ಅವರ ಕೈಯಲ್ಲಿರುವುದು ಆ ಮತವೊಂದೇ.

ನಮ್ಮ ನಿಗಮ ಸೀಲಾಸ್ಕಾ. ವಂಶಸ್ಥರು ಷೇರು ಪಡೆಯಲು ಕನಿಷ್ಠ ಕಾಲು ಭಾಗ ಮೂಲನಿವಾಸಿ ರಕ್ತವಿರಬೇಕು ಎಂಬ ನಿಯಮವಿತ್ತು. ನನ್ನ ಮಕ್ಕಳಿಗೆ ಅಷ್ಟಿಲ್ಲ. 2022ರಲ್ಲಿ ಷೇರುದಾರರೇ ಮತ ಹಾಕಿ ಆ ನಿಯಮವನ್ನು ತೆಗೆದರು. ಅತ್ತೆ ಭೂತಗನ್ನಡಿ ಹಿಡಿದು ಅಡುಗೆಮನೆಯ ಮೇಜಿನ ಮೇಲೆ ಆ ಕಾಗದವನ್ನು ಮೂರು ಸಲ ಓದಿ ಗುರುತು ಹಾಕಿದ್ದನ್ನು ನಾನು ಎದುರೇ ಕುಳಿತು ನೋಡಿದ್ದೇನೆ. ನಾಳೆ ಗಂಡನ ಷೇರು ನನ್ನ ಪಾಲಿಗೆ ಬಂದರೂ ನಾನು ಆ ಕುಲದವಳಲ್ಲವಾದ್ದರಿಂದ ಅದಕ್ಕೆ ಮತವಿರುವುದಿಲ್ಲ.

ನೀವು ಉಪದೇಶ ಮಾಡಬೇಡಿ. "ಈ ಲಕೋಟೆಯಲ್ಲಿ ಏನಿದೆ, ನನಗೂ ತೋರಿಸಿ ಅಕ್ಕ" ಎಂದು ಕೇಳಿ.

ಲೆಕ್ಕದವನು (ಫೇರ್‌ಬ್ಯಾಂಕ್ಸ್):
ಲಕೋಟೆ ಬಿಚ್ಚಿದ ಮೇಲಿನ ಮಾತು ನನ್ನದು. ಪ್ರಾಕ್ಸಿಯಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ "ಮಂಡಳಿಯ ವಿವೇಚನೆಗೆ ಬಿಡುತ್ತೇನೆ" ಎಂಬರ್ಥದ ಒಂದು ಚೌಕವೂ ಹಲವು ನಿಗಮಗಳಲ್ಲಿ ಇರುತ್ತದೆ. ಬೇಗ ಕಳಿಸಿದವರಿಗೆ ಬಹುಮಾನದ ಚೀಟಿ ಎತ್ತುವ ಪದ್ಧತಿಯೂ ಇದೆ, ಸಭೆಗೆ ಬೇಕಾದ ಕನಿಷ್ಠ ಸಂಖ್ಯೆ (ಕೋರಂ) ಆಗಲೆಂದು. ಆ ಆತುರದಲ್ಲಿ ಓದದೆ ಅಲ್ಲಿ ಗುರುತು ಹಾಕಿದರೆ ನಮ್ಮ ಮತವನ್ನು ಬೇರೆಯವರು ಹಂಚುತ್ತಾರೆ. ಮತ ಕೂಡಿಸುವ ಅವಕಾಶವಿರುವ ನಿಗಮವಾದರೆ, ಮೂರು ಸ್ಥಾನಕ್ಕೆ ನೂರು ಷೇರಿನ ಮುನ್ನೂರು ಮತವನ್ನೂ ಒಬ್ಬರಿಗೇ ಹಾಕಬಹುದು. ಯಾರಿಗೆ ಎಂಬುದನ್ನು ಮಾತ್ರ ನೀವು ಬಾಯಿಬಿಟ್ಟು ಹೇಳಬೇಡಿ.

ಅಂಚೆ ಮತ ತಿರಸ್ಕೃತವಾದದ್ದು ಸಾಕ್ಷಿಯ ಸಹಿ ಇಲ್ಲದ್ದರಿಂದ ಇರಬಹುದು. 2022ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಸ್ಥಾನವೊಂದಕ್ಕೆ ಇಡೀ ರಾಜ್ಯದಲ್ಲಿ ಅಂಚೆಯಲ್ಲೇ ನಡೆದ ವಿಶೇಷ ಪ್ರಾಥಮಿಕ (ಅಂತಿಮ ಅಭ್ಯರ್ಥಿಗಳನ್ನು ಆರಿಸುವ) ಚುನಾವಣೆಯಲ್ಲಿ ಹಳ್ಳಿಗಳ ಎಷ್ಟೋ ಮತಗಳು ಹೀಗೇ ಹೋದವು. ಅದೇ ಸ್ಥಾನಕ್ಕೆ ಆಗಸ್ಟ್‌ನಲ್ಲಿ ಮೇರಿ ಪೆಲ್ಟೋಲಾ ಗೆದ್ದು, ಅಮೆರಿಕದ ಸಂಸತ್ತಿಗೆ ಹೋದ ಮೊದಲ ಅಲಾಸ್ಕಾ ಮೂಲನಿವಾಸಿಯಾದರು. ಅವರೂ ಯೂಪಿಕ್, ಕುಸ್ಕೊಕ್ವಿಮ್ ದಂಡೆಯವರೇ. ಅಧಿಕಾರಿಗಳು ಹತ್ತಿರದಲ್ಲಿ ಸಿಗದಿದ್ದರೆ ಹದಿನೆಂಟು ತುಂಬಿದ ಯಾರಾದರೂ ಸಾಕ್ಷಿಯಾಗಬಹುದು. ನಿಮಗೆ ಮತವಿಲ್ಲದಿದ್ದರೂ ಆ ಸಹಿ ನೀವು ಹಾಕಬಹುದು.

ಬಿಳಿಹಿಮ:
ಭಾನುವಾರ ಹೋಗಿದ್ದೆ. ಜೂನೋ ಅಕ್ಕ ಹೇಳಿದಂತೆಯೇ ಕೇಳಿದೆ. ಅಭ್ಯರ್ಥಿಗಳ ಪುಟ ತೆರೆದ ಕೂಡಲೇ ಅವರು ಬೆರಳಿಟ್ಟು, "ಇವಳು ನನ್ನ ಜೊತೆ ಶಾಲೆಯಲ್ಲಿದ್ದವಳು. ಇವನ ತಾಯಿ ನನಗೆ ಮೀನು ಹೊಗೆಯಾಡಿಸುವುದನ್ನು ಕಲಿಸಿದರು" ಎನ್ನುತ್ತಾ ಒಂದು ಗಂಟೆ ಮಾತನಾಡಿದರು. ಗುರುತು ಹಾಕುವಾಗ ನಾನು ಚಹಾ ಮಾಡಲು ಎದ್ದು ಹೋದೆ. ಅಂಚೆ ಪೆಟ್ಟಿಗೆಯವರೆಗೆ ಇಬ್ಬರೂ ನಡೆದೆವು. "ಕುಯಾನಾ" ಎಂದರು, ಅವರ ಭಾಷೆಯ ಧನ್ಯವಾದ. ಅದು ನಿಮ್ಮಿಬ್ಬರಿಗೆ ಸೇರಬೇಕು. ನವೆಂಬರ್‌ಗೆ ಸಾಕ್ಷಿ ಸಹಿ ಹಾಕಲು ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ.