ಸಹಾಯ ಬೇಕು: ಈ ಆಮೆ ಮರಿ ಯಾವ ಜಾತಿ?

ನಿನ್ನೆ ಮಳೆ ನಿಂತ ಮೇಲೆ ರಸ್ತೆ ಮಧ್ಯೆ ಒಂದು ಆಮೆ ಮರಿ ಸಿಕ್ಕಿತು, ಇನ್ನೇನು ಗಾಡಿ ಚಕ್ರಕ್ಕೆ ಸಿಗುತ್ತಿತ್ತು, ಅದಕ್ಕೇ ಎತ್ತಿಕೊಂಡು ಬಂದೆ. ಉದ್ದ ಹೆಚ್ಚೆಂದರೆ 3 ಸೆಂಟಿಮೀಟರ್. ಚಿಪ್ಪು ಹಸಿರು, ಹೊಟ್ಟೆ ಹಳದಿ, ಅದರ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆಗಳು. ಬೆರಳುಗಳ ನಡುವೆ ತೆಳು ಚರ್ಮ ಇದೆ, ಅಂದರೆ ನೀರಾಮೆಯೇ ಅಲ್ವಾ?

ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಹಾಗಿದೆ, ಆದರೆ ನಾನು ಬಗ್ಗಿದ ಕೂಡಲೇ ತಲೆ ಒಳಗೆಳೆದುಕೊಳ್ಳುತ್ತದೆ, ಸರಿಯಾಗಿ ನೋಡಲು ಬಿಡುವುದೇ ಇಲ್ಲ. ನಿಜವಾಗಿ ಪಟ್ಟಿ ಇದ್ದರೆ ಅದು ಬಹುಶಃ ರೆಡ್ ಇಯರ್ಡ್ ಸ್ಲೈಡರ್ ಅನ್ನೋ ನೀರಾಮೆ, ಅಮೆರಿಕ ಮೂಲದ್ದು, ಬೇರೆ ಕಡೆ ಕೆರೆಗೆ ಬಿಟ್ಟರೆ ಅಲ್ಲಿನ ಆಮೆಗಳಿಗೇ ತೊಂದರೆ. ಇಲ್ಲಿಯದೇ ಕಾಡು ಆಮೆ ಆಗಿದ್ದರೆ ಸಿಕ್ಕಿದ ಜಾಗದ ಹತ್ತಿರದ ನೀರಿಗೇ ಬಿಡಬೇಕು. ಅದಕ್ಕೇ ಮೊದಲು ಜಾತಿ ಗೊತ್ತಾಗಬೇಕು.

ಸದ್ಯಕ್ಕೆ ಅಗಲವಾದ ಟಬ್‌ನಲ್ಲಿ ಬೆನ್ನು ಮುಳುಗುವಷ್ಟೇ ನೀರು, ಹತ್ತಿ ಮೈ ಒಣಗಿಸಿಕೊಳ್ಳಲು ಚಪ್ಪಟೆ ಕಲ್ಲು, ಬೆಳಗಿನ ಬಿಸಿಲು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದೇವೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಭಯ. ಇನ್ನೂ ಏನೂ ತಿಂದಿಲ್ಲ. ಹೊಟ್ಟೆ ನಡುವೆ ಸಣ್ಣ ಉಬ್ಬು ಇದೆ, ಮೊಟ್ಟೆಯ ಹಳದಿ ಭಾಗ ಇನ್ನೂ ಪೂರ್ತಿ ಕರಗಿಲ್ಲವೇನೋ. ಹಾಗಿದ್ದರೆ ಕಾಯಬೇಕಾ, ಸಣ್ಣ ಎರೆಹುಳ ಹಾಕಿ ನೋಡಬೇಕಾ? ಯಾರಾದರೂ ಸಾಕಿದವರಿದ್ದರೆ ಬೇಗ ಹೇಳಿ.